ಹಸಿರು ಬಳಿದ ಲಿಫ್ಟ್

"ನಿಮ್ಮ ಗ್ಯಾರೇಜಿಗೆ ಲಿಫ್ಟ್ ಯಾಕೆ ಭಾವ? ಕಾರು ಬಂದ್ರೆ ತಾನೇ ಎತ್ತೋದು!"

ಹೆಂಡತಿಯ ಅಣ್ಣ ಹೀಗಂದಾಗ ಊಟಕ್ಕೆ ಕೂತಿದ್ದ ನೆಂಟರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಹೆಂಡತಿ. ಅವಳ ಗಂಡ, ಮೆಕ್ಯಾನಿಕ್, ಅರ್ಧ ಊಟಕ್ಕೇ ಎದ್ದು ಕೈ ತೊಳೆದ. ಅವನೇನು ಕೇಳಬಾರದ್ದು ಕೇಳಿದ್ದನೇ? ಮನೆಯ ಕಾರ್ ಶೆಡ್ಡನ್ನೇ ವರ್ಕ್‌ಶಾಪ್ ಮಾಡಲು ಹೊರಟಿದ್ದ. ಮುರುಕು ಮಂಚ, ತೊಟ್ಟಿಲು ಹೊರಗೆ ಹಾಕಿ, ನೆಲಕ್ಕೆ ಸಿಮೆಂಟು ಬಳಿದು, ಸ್ಪ್ಯಾನರುಗಳನ್ನು ಗೋಡೆಗೆ ತೂಗುಹಾಕಿದ್ದ. ಲಿಫ್ಟ್ ಒಂದೇ ಬಾಕಿ. ಊರಾಚೆ ದೊಡ್ಡ ಗ್ಯಾರೇಜ್ ಇಟ್ಟಿದ್ದ ಅಣ್ಣನ ಬಳಿ ಲಿಫ್ಟುಗಳ ಸಾಲೇ ಇತ್ತು. ಮೂಲೆಯದೊಂದನ್ನು ಸ್ವಲ್ಪ ದಿನಕ್ಕೆ ಕೊಡಿ ಎಂದಿದ್ದ, ಅಷ್ಟೇ.

ಕೊಡದಿದ್ದರೆ ಬೇಡ. ತಗೊಂಡರಾಯಿತು.

ನೆಂಟರ ಮದುವೆಗೆಂದು ಅಣ್ಣ ತಂಗಿಯನ್ನೂ ಕಾರಲ್ಲಿ ಕೂರಿಸಿಕೊಂಡು ಪರವೂರಿಗೆ ಹೊರಟ. ಮೆಕ್ಯಾನಿಕ್ ಸೊಂಟ ಹಿಡಿದುಕೊಂಡು ಮನೆಯಲ್ಲೇ ಉಳಿದ. ಕತ್ತಲಲ್ಲಿ ಕದಿಯುವವರೇ ಸಿಕ್ಕಿಬೀಳುವುದು ಎಂಬುದು ಅವನ ಸಿದ್ಧಾಂತ. ಹಾಗಾಗಿ ಹಾಡಹಗಲು, ನೀಲಿ ಸಮವಸ್ತ್ರ, ಮುಖಕ್ಕೆ ಮಾಸ್ಕು, ಬಾಡಿಗೆ ಲಾರಿ. ಅಣ್ಣನ ಗ್ಯಾರೇಜಿನ ಕೆಲಸಗಾರರು ಅವನನ್ನು ಕಂಡವರೇ ಅಲ್ಲ.

"ಆ ಮೂಲೆ ಲಿಫ್ಟು ರಿಪೇರಿಗೆ ಒಯ್ಬೇಕು," ಎಂದ, ಗದರುವ ದನಿಯಲ್ಲಿ.

"ಅಯ್ಯೋ, ಬನ್ನಿ ಸಾರ್, ಬನ್ನಿ!"

ಬೋಲ್ಟು ಬಿಚ್ಚಿದವರು ಅವರೇ, ಚೈನು ಹಾಕಿ ಲಾರಿಗೆ ಏರಿಸಿದವರೂ ಅವರೇ. ಕೊನೆಗೆ ಟೀ ಬೇರೆ ಕುಡಿಸಿದರು. ಸಮವಸ್ತ್ರ ಒಂದಿದ್ದರೆ ಜನ ಮನೆಬಾಗಿಲನ್ನೂ ಕಿತ್ತು ಕೊಟ್ಟಾರು ಎಂದು ಅವನಿಗೆ ಅವರ ಮೇಲೆ ಮರುಕವೇ ಬಂತು.

ಕೆಂಪು ಲಿಫ್ಟು ಶೆಡ್ಡಿನೊಳಗೆ ಹಸಿರಾಯಿತು. ನಂಬರನ್ನು ಉಜ್ಜಿ ಅಳಿಸಿದ. ಕಂಪನಿಯ ಹೆಸರಿದ್ದಲ್ಲಿ ತನ್ನ ಗ್ಯಾರೇಜಿನ ಸ್ಟಿಕ್ಕರು ಕೂತಿತು. ಹೆತ್ತ ಕಂಪನಿಯೂ ಗುರುತು ಹಿಡಿಯುವಂತಿರಲಿಲ್ಲ. ಬಣ್ಣ ಒಣಗುವಷ್ಟರಲ್ಲಿ ಮದುವೆ ಮುಗಿಸಿದ ಕಾರು ಬಾಗಿಲಿಗೆ ಬಂತು.

ಅಣ್ಣ ಲಿಫ್ಟನ್ನು ಸುತ್ತುಹಾಕಿ ನೋಡಿದ. "ಎಲ್ಲಿ ಸಿಕ್ತು?"

"ಸೆಕೆಂಡ್ ಹ್ಯಾಂಡು. ಗುರುತಿನವರದ್ದು," ಎಂದ ಮೆಕ್ಯಾನಿಕ್. ಸುಳ್ಳೇನೂ ಅಲ್ಲವಲ್ಲ! "ಬೋಣಿಗೆ ನಿಮ್ಮ ಕಾರೇ ಆಗಲಿ. ಒಳಗೆ ತನ್ನಿ."

ಗುಂಡಿ ಒತ್ತಿದ. ಕಾರು ಗಾಂಭೀರ್ಯದಿಂದ ಮೇಲೇರಿತು. ಹೆಂಡತಿ ಮದುವೆಯಾದಾಗಿನಿಂದ ಮೊದಲ ಸಲ ಅವನನ್ನು ಹೆಮ್ಮೆಯಿಂದ ನೋಡಿದಳು. ತನ್ನದೇ ಲಿಫ್ಟಿನ ಮೇಲೆ ತನ್ನದೇ ಕಾರು ನೋಡುತ್ತ ಬಾಯಿ ಬಿಟ್ಟು ನಿಂತ ಅಣ್ಣನನ್ನು ಕಂಡು ಮೆಕ್ಯಾನಿಕ್‌ಗೆ ಸ್ವರ್ಗ ಮೂರೇ ಗೇಣು.

"ಸರಿ, ಇಳಿಸಿ ಭಾವ."

ಒತ್ತಿದ. ಗುರ್ ಅಂತು, ಇಳಿಯಲಿಲ್ಲ. ಮತ್ತೆ ಒತ್ತಿದ, ತಟ್ಟಿದ, ಯಾರೂ ನೋಡದಂತೆ ಒದ್ದ. ಊಹೂಂ.

ಅಣ್ಣ ಅವಸರ ಮಾಡಲಿಲ್ಲ. ಬೆವರೊರೆಸಿಕೊಳ್ಳುತ್ತಿದ್ದ ಭಾವನ ಹೆಗಲ ಮೇಲೆ ಮೆಲ್ಲಗೆ ಕೈಯಿಟ್ಟ. "ಒದ್ದು ಪ್ರಯೋಜನ ಇಲ್ಲ. ನನ್ನ ಮೂಲೆ ಲಿಫ್ಟೂ ಹೀಗೇ, ಏರಿದ್ರೆ ಇಳೀತಾನೇ ಇರ್ಲಿಲ್ಲ. ಅದಕ್ಕೇ ರಿಪೇರಿಯವರಿಗೆ ಹೇಳಿ ಹೋಗಿದ್ದೆ. ಅವರು ಬಂದು ಒಯ್ದರು ಅಂತ ನಮ್ಮ ಕೆಲಸದವರು ಫೋನ್ ಮಾಡಿದ್ರು. ಆದ್ರೆ ನೋಡಿ, ಇವತ್ತು ದಾರೀಲಿ ಬರೋವಾಗ ಆ ರಿಪೇರಿಯವರೇ ಫೋನ್ ಮಾಡಿ ಕೇಳ್ತಾರೆ, ಒಯ್ಯೋಕೆ ಯಾವಾಗ ಬರೋಣ ಅಂತ."