ಪರದೆಯ ಪಕ್ಕ ನಿಂತ ತಾತ

“ಮಿಸ್, ಆಫ್ ಮಾಡಿ. ಒಂದಕ್ಷರಾನೂ ಅರ್ಥ ಆಗ್ತಿಲ್ಲ.”

“ಬೇರೆ ದೇಶದ ಸಿನಿಮಾ ನಮಗ್ಯಾಕೆ ಮಿಸ್? ನಮ್ಮದೇ ಹಾಕಿ.”

ಶಾಲೆಯ ಹಾಲ್‌ನಲ್ಲಿ ಗಲಾಟೆಯೋ ಗಲಾಟೆ. ಈ ಸಿನಿಮಾಕ್ಕಾಗಿ ಮಿಸ್‌ಗೆ ದುಂಬಾಲು ಬಿದ್ದವಳು ಪಟಾಕಿ. ಅವಳ ಬಾಯಿಗೆ ಹೆದರಿ ಕ್ಲಾಸಿನವರೇ ಇಟ್ಟ ಹೆಸರದು. ಇವತ್ತು ಪಟಾಕಿ ಠುಸ್ ಎಂದಿತ್ತು.

“ಮಕ್ಕಳು ನೋಡ್ಲಿಲ್ಲ ಅಂದ್ರೆ ಇದೇ ಕೊನೆ. ಮುಂದೆ ಹೊರಗಿನ ಸಿನಿಮಾ ಕೇಳಬಾರದು,” ಎಂದು ಮಿಸ್ ಮೊದಲೇ ಹೇಳಿದ್ದರು.

ಮಿಸ್ ಸ್ವಿಚ್ಚಿಗೆ ಕೈ ಹಾಕಿದರು. ಅಷ್ಟರಲ್ಲಿ, ಪಟಾಕಿಯನ್ನು ಕರೆದೊಯ್ಯಲು ಬಂದಿದ್ದ ಅವಳ ತಾತ ಸೀದಾ ಹೋಗಿ ಪರದೆಯ ಪಕ್ಕ ನಿಂತರು. ಗಂಟಲು ಸರಿಮಾಡಿಕೊಂಡರು. ಅಯ್ಯೋ, ತಾತ ಮಾನ ಕಳೀತಾನೆ ಎಂದು ಪಟಾಕಿಯ ಎದೆ ಧಸಕ್ಕೆಂದಿತು.

ಪರದೆಯಲ್ಲಿ ಒಬ್ಬ ಅಮ್ಮ ಮಗನಿಗೆ ಬಡಬಡ ಏನೋ ಹೇಳುತ್ತಿದ್ದಳು.

“ಎಲ್ಲಿಗೆ ಹೊರಟಿತು ದೊರೆಗಳ ಸವಾರಿ? ತಿಂದ ತಟ್ಟೆ ತೊಳೆಯೋರ್ಯಾರು?” ಎಂದರು ತಾತ, ಅವಳದೇ ದನಿಯಲ್ಲಿ.

ಹಾಲ್ ಗೊಳ್ಳೆಂದು ನಕ್ಕಿತು. ಮಿಸ್ ಕೈ ಹಿಂದಕ್ಕೆ ತೆಗೆದರು.

ಹಿಂದೆ ಟಾಕೀಸಿನಲ್ಲಿ ತಾತನ ಕೆಲಸವೇ ಇದು. ಭಾನುವಾರ ಬೆಳಗಿನ ಆಟಕ್ಕೆ ದೂರ ದೂರದ ದೇಶಗಳ ಸಿನಿಮಾಗಳು ಬರುತ್ತಿದ್ದವು. ತಾತ ಸ್ಟೂಲ್ ಹಾಕಿಕೊಂಡು ರಾಣಿಗೂ ಕಳ್ಳನಿಗೂ ತಾವೇ ಮಾತು ಕೊಡುತ್ತಿದ್ದರು. ಕೊನೆಗೆ ಯಾರೋ ದೊಡ್ಡವರು ‘ಪರದೇಶದ್ದು ನಮಗೆ ಬೇಡ’ ಎಂದರು, ಆಟ ನಿಂತಿತು.

ಸಿನಿಮಾದಲ್ಲಿ ಹಾಡು ಬಂದಾಗ ಪಟಾಕಿ ಮೆಲ್ಲಗೆ ತಾತನ ಪಕ್ಕಕ್ಕೆ ಹೋದಳು. “ತಾತ, ನಿಂಗೆ ಈ ಭಾಷೆ ಬರುತ್ತಾ?”

“ಎಲ್ಲಿ ಬರುತ್ತೆ ಮರಿ. ಮುಖ ನೋಡ್ತೀನಿ, ಕೈ ನೋಡ್ತೀನಿ. ಎಡವಟ್ಟೂ ಆಗಿದೆ. ಒಂದು ಸಿನಿಮಾದಲ್ಲಿ ಒಬ್ಳು ಸ್ಟೇಷನ್ನಲ್ಲಿ ಅಳ್ತಾ ನಿಂತಿದ್ಲು. ಗಂಡ ಊರು ಬಿಟ್ಟು ಹೋದ ಅಂತ ಹೇಳಿ ಇಡೀ ಟಾಕೀಸನ್ನ ಅಳಿಸಿಬಿಟ್ಟೆ. ನೋಡಿದ್ರೆ ಅವನು ಪೆಟ್ಟಿಗೆ ಹಿಡ್ಕೊಂಡು ಟ್ರೈನಿಂದ ಇಳೀಬೇಕಾ?”

“ಆಮೇಲೆ?”

“ಟಿಕೆಟ್ ಮರೆತು ವಾಪಸ್ ಬಂದ ಅಂದೆ.”

ಪಟಾಕಿ ಬಾಯಿ ಮುಚ್ಚಿಕೊಂಡು ನಕ್ಕಳು.

ಸಿನಿಮಾ ಮುಗಿಯುತ್ತ ಬಂತು. ಮಗ ಬಸ್ ಹತ್ತಿ ಹೊರಟುಹೋದ. ಅಮ್ಮ ಬಾಗಿಲಲ್ಲೇ ನಿಂತು, ಖಾಲಿ ರಸ್ತೆಯ ಕಡೆ ನೋಡುತ್ತ ಏನೋ ಅಂದಳು. ತಾತ ಬಾಯಿ ತೆರೆದರು, ದನಿ ಹೊರಡಲಿಲ್ಲ.

ಇನ್ನೇನು ಗಲಾಟೆ ಶುರುವಾಗುತ್ತದೆ ಎಂದು ಪಟಾಕಿ ಹಿಂದೆ ತಿರುಗಿದಳು. ಆದರೆ ಆ ಅಮ್ಮ ಏನಂದಳು ಎಂದು ಯಾರೂ ಕೇಳಲಿಲ್ಲ. ಕೊನೆಯ ಸಾಲಿನಲ್ಲಿ ಒಬ್ಬ ಹುಡುಗ ಅಂಗಿಯ ತೋಳಿನಿಂದ ಮೂಗು ಒರೆಸಿಕೊಳ್ಳುತ್ತಿದ್ದ.

ಪಟಾಕಿ ತಾತನ ಕೈ ಹಿಡಿದುಕೊಂಡಳು.

“ಬಿಡು ತಾತ,” ಎಂದಳು ಮೆಲ್ಲಗೆ. “ಎಲ್ಲರಿಗೂ ಕೇಳಿಸ್ತು.”