ಮೊಳೆಯ ಮೇಲಿನ ಬಂಡಾರ

ಬೆಳಿಗ್ಗೆ ಪಡಸಾಲೆಗೆ ಬಂದ ಅಮೃತಾ ಹೊಸ್ತಿಲಲ್ಲೇ ನಿಂತಳು. ಗೋಡೆಯಲ್ಲಿ ಮೊಳೆ ಇತ್ತು, ಚಿತ್ರ ಇರಲಿಲ್ಲ.

ಮುನ್ನೂರು ವರ್ಷದ ಹಿಂದೆ ಯೂರೋಪಿನಲ್ಲಿ ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚೊತ್ತಿದ ಚಿತ್ರವದು. ಕುಸಿದ ಕಮಾನು, ಅದರ ಬಿರುಕು ಸೀಳಿ ಎದ್ದ ಮರ, ನೆರಳಲ್ಲಿ ಮೇಕೆ ಕಾಯುವವನು. ಅವಳ ಅಪ್ಪ, ಡ್ರಾಯಿಂಗ್ ಮೇಷ್ಟ್ರು ಗುರುಸಂಗಪ್ಪನವರಿಗೆ ಅವರ ಗುರುಗಳು ಕೊಟ್ಟದ್ದು. ಕಣ್ಣಿನ ಪೊರೆ ತೆಗೆಸಿಕೊಂಡು ಮಲಗಿದ್ದ ಅಪ್ಪನದು ಒಂದೇ ಆಸೆ—ಪಟ್ಟಿ ಬಿಚ್ಚಿದೊಡನೆ ಆ ಚಿತ್ರ ನೋಡಬೇಕು. ಬಿಚ್ಚುವುದು ಇವತ್ತು ಸಂಜೆಯೇ.

ಪಕ್ಕದ ಮನೆಯ ಬೊಮ್ಮಯ್ಯ ಬಂದರು. ಕೂಡ್ಲಿಗಿ ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದವರು. ಚಿಲಕ ನೋಡಿದರು, ಮೊಳೆ ಸವರಿದರು.

“ನಿನ್ನೆ ಯಾರ್ಯಾರು ಬಂದಿದ್ರವ್ವ?”

“ಪಟಕ್ಕ ಕಟ್ಟು ಹಾಕೋ ಯರ್ರಿಸ್ವಾಮಿ. ಮೊದ್ಲಿಂದ ಆತಗ ಅದರ ಮ್ಯಾಲೆ ಕಣ್ಣು. ಆತಂದೇ ಕೆಲಸ ಇದು.”

“ಮತ್ತ?”

“ಮನಿ ಕೆಲಸದ ಕರಿಯಕ್ಕ. ಇಪ್ಪತ್ತು ವರ್ಷದಿಂದ ಬರ್ತಾಳ, ಆಕೀನ್ನ ಬಿಡ್ರಿ.”

“ಈ ಮೊಳಿಗೆ ಹಳದಿ ಏನು ಹತ್ತೇತಿ?”

“ಪೂಜಿದು ಇರಬೇಕು.”

“ದೇವರ ಜಗಲಿ ಒಳಗೈತಿ. ಬರೀ ಮೊಳಿಗ್ಯಾಕ ಪೂಜಿ?”

ಬೊಮ್ಮಯ್ಯ ಹಿತ್ತಲಿಗೆ ನಡೆದರು, ಅಮೃತಾ ಹಿಂದೆಯೇ ಹೋದಳು. ಕರಿಯಕ್ಕ ಪಾತ್ರೆ ಬೆಳಗುತ್ತಿದ್ದಳು.

“ಕರಿಯಕ್ಕ, ಚಿತ್ರ ಎಲ್ಲಿ ಇಟ್ಟು ಬಂದಿ?”

ಅವಳ ಕೈ ನಿಂತಿತು.

“ಕಳ್ಳ ಆದಾವ ಮೊಳಿಗೆ ಬಂಡಾರ ಹಚ್ಚಿ, ಕೈಮುಗಿದು ಕದಿತಾನೇನವ್ವ?” ಬೊಮ್ಮಯ್ಯ ಅಮೃತಾಳತ್ತ ತಿರುಗಿದರು. “ನಿಮ್ಮ ಮನ್ಯಾಗ ವಿಭೂತಿ. ಅರಿಷಿಣದ ಬಂಡಾರ ಇರೋದು ಉಚ್ಚಂಗೆಮ್ಮನ ಒಕ್ಕಲು ಈ ಕರಿಯಕ್ಕನ ಸೆರಗಿನ ಗಂಟಿನಾಗ. ಒಡದ ದೇವರ ಪಟ ಮನ್ಯಾಗ ಇಡಂಗಿಲ್ಲ, ತಿಪ್ಪಿಗೆ ಒಗಿಯಂಗೂ ಇಲ್ಲ. ಬಂಡಾರ ಹಚ್ಚಿ ಮರದ ಬುಡಕ್ಕ ಬಿಟ್ಟು ಬರ್ತಾರ. ಈಕಿ ಕಣ್ಣಿಗೆ ಅದು ಬಿದ್ದ ಗುಡಿ.”

“ಗುಡಿ ಗ್ವಾಡ್ಯಾಗ ಮರ ಹುಟ್ಟೈತಲ್ರಿ,” ಕರಿಯಕ್ಕ ಅತ್ತೇಬಿಟ್ಟಳು. “ಅದಕ್ಕ ಮೇಷ್ಟ್ರ ಕಣ್ಣು ಹೋದ್ವು ಅಂದ್ಕಂಡೆ. ಊರಮುಂದಿನ ಅರಳಿ ಬುಡದಾಗ ಐತಿ. ಮಳಿ ಬಂದೀತಂತ ನನ್ನ ಕೌದಿ ಸುತ್ತೀನಿ.”

ಅಮೃತಾಳ ಸಿಟ್ಟು ಎಲ್ಲಿ ಹೋಯಿತೋ. ಯರ್ರಿಸ್ವಾಮಿಯ ಮೇಲೆ ಸುಮ್ಮನೆ ಕಳವು ಹೊರಿಸಿದ್ದನ್ನು ನೆನೆದು ನಾಚಿಕೆಯೂ ಆಯಿತು. ಹೋಗಿ ನೋಡಿದರೆ, ಒಡೆದ ಪಟಗಳ ನಡುವೆ ಚಿತ್ರ ಕೌದಿಯೊಳಗೆ ಬೆಚ್ಚಗಿತ್ತು. ತಂದು ಅದೇ ಮೊಳೆಗೆ ತೂಗುಹಾಕಿದಳು.

ಸಂಜೆ ಪಟ್ಟಿ ಬಿಚ್ಚುವ ಮೊದಲೇ ಅಪ್ಪನಿಗೆ ಎಲ್ಲವನ್ನೂ ಹೇಳಿದಳು. ಪಟ್ಟಿ ಬಿಚ್ಚಿದ ಮೇಲೂ ಅವರು ಕಣ್ಣು ಮುಚ್ಚಿಕೊಂಡೇ ಕುಳಿತರು.

“ಚಿತ್ರ ಆಮ್ಯಾಲೆ. ಮೊದ್ಲು ಕರಿಯಕ್ಕನ್ನ ಕರಿ.”

ಬಾಗಿಲಲ್ಲಿ ತಲೆತಗ್ಗಿಸಿ ನಿಂತವಳ ಮುಖ ಅವರು ಬಹಳ ಹೊತ್ತು ನೋಡಿದರು. ಎರಡೂ ಕೈ ಜೋಡಿಸಿದರು. ಆಮೇಲೆ ಅವಳನ್ನು ಚಿತ್ರದ ಹತ್ತಿರ ಕರೆದರು.

“ಆ ಮರ ಗೋಡಿ ಕೆಡವಿಲ್ಲವ್ವ. ಬೇರು ನೋಡಿಲ್ಲಿ. ಉಳಿದ ಕಮಾನು ನಿಂತಿರೋದೇ ಅದರ ಹಿಡಿತದಾಗ. ಈ ಮನಿಗೆ ನೀನಿದ್ದಂಗ.”