ನೊರೆ ಬಾರದ ಬಕೆಟ್

ಕಬ್ಬಿಣದ ರಾಡು ನನ್ನ ಕುತ್ತಿಗೆಯನ್ನು ಗೋಡೆಗೆ ಒತ್ತಿ ಹಿಡಿದಿತ್ತು.

"ಡ್ರಮ್ಮಿನ ಮುಚ್ಚಳ ಯಾಕೋ ತೆಗ್ದೆ?"

ಕೇಳಿದವನು ಗಣಿಯ ಪಂಪ್‌ಹೌಸ್ ಕಾಯುವವನು. ಎಲ್ಲರ ಬಾಯಲ್ಲಿ ಅವನು ‘ಕ್ರೇನ್’. ಯಾಕೆಂದು ಕೇಳಬೇಡಿ... ನನ್ನ ಹಿಮ್ಮಡಿ ಆಗಲೇ ನೆಲ ಬಿಟ್ಟಿತ್ತು!

"ಬಾಯಾರಿಕೆ ಆಗಿತ್ತು," ಎಂದೆ.

ರಾಡು ಇನ್ನೂ ಒತ್ತಿತು.

ಮೋಸ ಪತ್ತೆ ಮಾಡುವುದು ನನ್ನ ಕಸುಬು. ಈ ಕೇಸು ಕೊಟ್ಟವಳು ನಮ್ಮಕ್ಕ. ಭಾವ ಇದೇ ಗಣಿಯಲ್ಲಿ ಕಲ್ಲಿದ್ದಲು ಕೊರೆಯುತ್ತಾನೆ.

"ಲೋ, ನಿಮ್ಮ ಭಾವನ ಬಟ್ಟೆ ಬಕೆಟ್‌ಗೆ ಹಾಕಿದ್ರೆ ತಾನಾಗೇ ನೊರೆ ಬರ್ತಿತ್ತು. ಹತ್ತು ದಿನದಿಂದ ಒಂದು ಗುಳ್ಳೆನೂ ಇಲ್ಲ ಕಣೋ!"

ನನಗೆ ಅಷ್ಟೇ ಸಾಕಾಯಿತು. ಕಲ್ಲಿದ್ದಲ ಧೂಳು ಬರೀ ನೀರಿಗೆ ಜಗ್ಗುವುದಿಲ್ಲ. ಅದಕ್ಕೇ ಗಣಿಯೊಳಗೆ ಸಿಂಪಡಿಸುವ ನೀರಿಗೆ ಈ ಡ್ರಮ್ಮಿನಿಂದ ಒಂದು ಕೆಮಿಕಲ್ ಬೆರೆಸುತ್ತಾರೆ. ಕೆಲಸದವರ ಬಟ್ಟೆಗೂ ಅಂಟುವ ಅದನ್ನು ಗಣಿಯವರು ‘ಸೋಪು’ ಎನ್ನುತ್ತಾರೆ. ಸೋಪಿದ್ದರೆ ಧೂಳು ನೆನೆದು ತೆಪ್ಪಗೆ ಕೂರುತ್ತದೆ. ಇಲ್ಲದಿದ್ದರೆ ಗಾಳಿಯಲ್ಲೇ ಕವಿದಿರುತ್ತದೆ... ಒಂದು ಕಿಡಿ ಬಿದ್ದರೆ ಗಣಿಯೇ ಢಮಾರ್!

ಮ್ಯಾನೇಜರ್ ಒಳಬಂದ. ಬಿಳಿ ಶರ್ಟು, ಖಡಕ್ ಇಸ್ತ್ರಿ.

"ನೀಲಿ ಬಣ್ಣ ಕಾಣ್ತಿಲ್ವೇನಯ್ಯಾ? ಒರಿಜಿನಲ್ ಮಾಲು! ಕ್ರೇನ್, ಇವನ ಎರಡು ಮೂಳೆ ಮುರಿದು ಆಚೆ ಬಿಸಾಕು."

"ಬಿಸಾಕಪ್ಪ, ಬೇಡ ಅನ್ನಲ್ಲ. ಮೊದಲು ಆ ನೀಲಿ ನೀರು ಒಂದು ಲೋಟ ತಗೋ. ಮೇಲೆ ಒಂದು ಚಿಟಿಕೆ ಕಲ್ಲಿದ್ದಲ ಪುಡಿ ಉದುರಿಸು. ಮುಳುಗಿದ್ರೆ ನಾನೇ ಮೂಳೆ ಎಣಿಸಿ ಕೊಡ್ತೀನಿ!"

"ಹಾಕ್ಬೇಡ!" ಮ್ಯಾನೇಜರ್ ಕಿರುಚಿದ.

ಅಲ್ಲೇ ಎಡವಿದ.

ಕ್ರೇನ್ ಅವನ ಮುಖ ನೋಡಿದ. ರಾಡು ಬಿಡದೆ ಇನ್ನೊಂದು ಕೈಯಲ್ಲಿ ಡ್ರಮ್ಮಿಗೆ ಲೋಟ ಅದ್ದಿ, ಕಿಟಕಿಯ ಅಂಚಿಗಿಟ್ಟ. ಅಲ್ಲೇ ಕೂತಿದ್ದ ಕರಿ ಪುಡಿಯನ್ನು ಬೆರಳಲ್ಲಿ ಬಳಿದು ಉದುರಿಸಿದ.

ಐದು ಸೆಕೆಂಡ್... ಹತ್ತು...

ನೀಲಿ ನೀರಿನ ಮೇಲೆ ಪುಡಿ ಹಾಯಾಗಿ ಮಲಗಿತ್ತು! ಸೋಪೇ ಇಲ್ಲ, ಬರೀ ಬಣ್ಣದ ನೀರು.

"ನನ್ನ ತಮ್ಮ ಕೆಳಗಿದಾನೆ, ಸಾರ್," ಎಂದ ಕ್ರೇನ್. ಮೆಲ್ಲಗೆ.

ರಾಡು ನನ್ನ ಕುತ್ತಿಗೆ ಬಿಟ್ಟು ಬಿಳಿ ಶರ್ಟಿನತ್ತ ತಿರುಗಿತು.

ನಾನು ಗೋಡೆಯ ಮೇಲಿದ್ದ, ಗಣಿ ನಿಲ್ಲಿಸುವ ಕೆಂಪು ಬಟನ್ ಕಡೆ ಜಿಗಿದೆ.

"ಮುಟ್ಟಿದ್ರೆ ಜೈಲಿಗೆ ಹಾಕಿಸ್ತೀನಿ!"

ಮುಟ್ಟಲಿಲ್ಲ. ಗುದ್ದಿದೆ!

ಸೈರನ್ ಕೂಗಿತು. ಗಣಿಯೊಳಗಿನ ಯಂತ್ರಗಳು ನಿಂತವು. ನಲವತ್ತು ಜನ ಕೆಮ್ಮುತ್ತಾ ಮೇಲೆ ಬಂದರು. ಕೊನೆಯವನು ಭಾವ. ಎರಡು ಕಣ್ಣು ಬಿಟ್ಟು ಉಳಿದದ್ದೆಲ್ಲ ಕಪ್ಪು.

"ಏನೋ ಇದು, ಊಟಕ್ಕೆ ಇಷ್ಟು ಬೇಗ ಬಿಟ್ರಾ?"

"ಮೊದಲು ಸ್ನಾನ ಮಾಡು ಭಾವ."

ಮೂಲೆಯಿಂದ ಮ್ಯಾನೇಜರ್ ಬೆರಳು ತೋರಿಸಿದ. "ಕೋರ್ಟಿಗೆ ಎಳೀತೀನಿ ನಿನ್ನ! ಸಾಕ್ಷಿ ಎಲ್ಲಿದೆಯೋ?"

ನಾನು ಲೋಟ ಎತ್ತಿ ಹಿಡಿದೆ.

"ಇಲ್ಲೇ ಇದೆ ಸಾರ್... ಇನ್ನೂ ತೇಲ್ತಾ ಇದೆ!"